ಎಂಟನೇ ಕ್ಲಾಸು ಎಲ್ಲಿ ಓದಿದ್ದು?

ಜಗಳೂರಿನ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಸ್ ವರ್ಕರ್ ಬೆರಳು ಎಂಟನೇ ಸಾಲಿನ ಮೇಲೆ ಬಂದು ನಿಂತುಬಿಟ್ಟಿತು.

ಹತ್ತು ಸಾಲಿನ ಪಟ್ಟಿ ಅದು. ಒಂದರಿಂದ ಹತ್ತನೇ ತರಗತಿಯವರೆಗೆ ಯಾವ ಊರಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದು ಎಂದು ಶಾಲೆಯವರು ಬರೆದು ಸಹಿ ಹಾಕಬೇಕು. ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಓ ಸಹಿ. ಹತ್ತೂ ವರ್ಷ ಹಳ್ಳಿಯಲ್ಲಿ ಓದಿದ್ದರೆ ಮೆಡಿಕಲ್ ಸೀಟಿಗೆ ಗ್ರಾಮೀಣ ಕೋಟಾ. ಹತ್ತೂ ವರ್ಷ ಕನ್ನಡದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಕೋಟಾ.

"ಎಂಟನೇ ಕ್ಲಾಸು ಜಗಳೂರಾಗೆ ಓದೀಯೇನಮ್ಮ?"

"ಹೂಂ ಸರ್. ಒಂದೇ ವರ್ಷ."

"ಇಂಗ್ಲಿಷ್ ಮೀಡಿಯಮ್ಮು?"

"ಹೂಂ."

"ಜಗಳೂರು ಪಟ್ಟಣ ಪಂಚಾಯ್ತಿ ಕಣಮ್ಮ. ಹಳ್ಳಿ ಲೆಕ್ಕಕ್ಕೆ ಬರಲ್ಲ. ಕನ್ನಡಾನೂ ಇಲ್ಲ. ಎರಡೂ ಹೋತು ನೋಡು."

ಹುಡುಗಿಯ ಹೆಸರು ನಾಗವೇಣಿ. ಬಿಳಿಚೋಡು ಸೀಮೆಯ ಒಂದು ಹಳ್ಳಿಯವಳು. ನಾನು ಆ ಊರಿನ ಬ್ಯಾಂಕಿನಲ್ಲಿದ್ದಾಗ ಪಕ್ಕದ ಮನೆಯ ಮಗು. ಅವಳ ತಾಯಿ ತಿಪ್ಪಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ವೇಣಿ ಈಗ ಚನ್ನಗಿರಿಯಲ್ಲಿ ಎರಡನೇ ವರ್ಷದ ಬಿಎಸ್ಸಿ. ನಾನೂ ವರ್ಗವಾಗಿ ಚನ್ನಗಿರಿಯಲ್ಲೇ ಇರುವುದರಿಂದ ಭಾನುವಾರ ನಮ್ಮ ಮನೆಗೆ ಓದಲು ಬರುತ್ತಾಳೆ.

ಬಿಎಸ್ಸಿ ಮಾಡುತ್ತಾ ನೀಟ್‌ಗೆ ಓದುವುದೆಂದರೆ ಏನು ಗೊತ್ತೇ? ಎರಡು ದೋಣಿ ಅನ್ನುತ್ತಾರಲ್ಲ, ಅಷ್ಟು ಸುಖವೂ ಇಲ್ಲ. ಬೆಳಿಗ್ಗೆ ಪ್ರಾಕ್ಟಿಕಲ್. ಮಧ್ಯಾಹ್ನ ಕ್ಲಾಸು. ಅಟೆಂಡೆನ್ಸ್ ಕಮ್ಮಿಯಾದರೆ ಸೆಮಿಸ್ಟರ್ ಹೋಗುತ್ತದೆ. ಉಳಿದ ಸಮಯದಲ್ಲಿ ಪಿಯುಸಿಯ ಪುಸ್ತಕವನ್ನೇ ಮತ್ತೆ ಮೊದಲಿಂದ ಓದಬೇಕು. ಅವಳ ಗೈಡುಗಳಲ್ಲಿ ಯಾರೋ ಹಿಂದಿನವರು ಪೆನ್ಸಿಲ್ಲಿನಲ್ಲಿ ಉತ್ತರ ಗುರುತು ಮಾಡಿದ್ದಾರೆ, ಅರ್ಧಕ್ಕರ್ಧ ತಪ್ಪು. ಮೊದಲು ಅಳಿಸಿ ಆಮೇಲೆ ಓದುತ್ತಾಳೆ. ಲ್ಯಾಬಿನಲ್ಲಿ ಮೇಷ್ಟ್ರೊಬ್ಬರು, "ಡಾಕ್ಟ್ರಮ್ಮಾ, ಈ ಟೈಟ್ರೇಷನ್ ಮುಗಿಸು, ಆಮೇಲೆ ಆಪರೇಷನ್ ಮಾಡುವಂತೆ" ಎನ್ನುತ್ತಾರಂತೆ. ಇಡೀ ಬ್ಯಾಚು ನಗುತ್ತದಂತೆ. ಇವಳೂ ನಗುತ್ತಾಳಂತೆ. ("ನಗದಿದ್ರೆ ಇನ್ನೂ ಜಾಸ್ತಿ ಮಾಡ್ತಾರೆ ಮೇಡಂ.")

ಮೊದಲೆರಡು ಸಲ ಅಂಕ ಎಷ್ಟು ಕಡಿಮೆ ಬಂತೆಂದರೆ ಕೋಟಾದ ಮಾತೇ ಏಳಲಿಲ್ಲ. ಈ ಸಲ ಆ ಮಾತು ಬಂತು. ಹಿಂದಿನ ವರ್ಷಗಳ ಸೀಟು ಹಂಚಿಕೆ ಪಟ್ಟಿಗಳನ್ನು ಇಟ್ಟುಕೊಂಡು ಇಬ್ಬರೂ ನೋಡಿದೆವು. ಗ್ರಾಮೀಣ ಇದ್ದರೆ ಸರ್ಕಾರಿ ಸೀಟು. ಇಲ್ಲದಿದ್ದರೆ ಕೂದಲೆಳೆಯಷ್ಟು ಹೊರಗೆ. (ಜಾತಿ ಮೀಸಲಾತಿ ಇತ್ತಲ್ಲ ಎನ್ನಬೇಡಿ. ಅದರೊಳಗೇ ಗ್ರಾಮೀಣದ ಪಟ್ಟಿ ಬೇರೆ ಇರುತ್ತದೆ. ನಾನು ಹೇಳುತ್ತಿರುವುದು ಆ ಪಟ್ಟಿಯ ಮಾತು.)

ಹಾಗಾಗಿ ರಜೆ ಹಾಕಿ ಜಗಳೂರಿಗೆ ಹೋಗಿದ್ದೆ. ಊರಿಂದ ತಿಪ್ಪಮ್ಮನೂ ಬಂದಿದ್ದಳು.

"ಒಂಬತ್ತು ವರ್ಷ ಹಳ್ಳಿಯಾಗೇ ಓದ್ಯಾಳಲ್ಲ ಸರ್," ಎಂದಳು.

"ಒಂಬತ್ತಲ್ಲಮ್ಮ, ಹತ್ತು ಬೇಕು. ರೂಲ್ಸು ನಾನು ಮಾಡಿದ್ದಾ?"

ನಾನು ಸ್ವಲ್ಪ ಬಗ್ಗಿ, ದನಿ ತಗ್ಗಿಸಿ, ನಮಗೆಲ್ಲ ಗೊತ್ತಿರುವ ಆ ಪ್ರಶ್ನೆ ಕೇಳಿದೆ. "ಏನಾದ್ರೂ ಮಾಡೋಕೆ ಆಗುತ್ತಾ ಸರ್?"

ಆತ ಒಳ್ಳೆಯವನು. ಬೇಸರದಿಂದಲೇ ತಲೆಯಾಡಿಸಿದ. "ಎಲ್ಲಾ ಕಂಪ್ಯೂಟರ್‌ನಾಗೆ ಐತೆ ಮೇಡಂ. ನಾನು ಬರೆದುಕೊಟ್ಟರೂ ಅದು ಬಿಡಬೇಕಲ್ಲ."

ನಮ್ಮ ಹಿಂದೆ ದಾವಣಗೆರೆಯ ಒಬ್ಬರು ನಿಂತಿದ್ದರು, ಕೈಯಲ್ಲಿ ಕಾರಿನ ಕೀ. ಮಗ ಹೊರಗೆ ಕಾರಲ್ಲೇ ಕೂತಿದ್ದ. ಜಗಳೂರು ತಾಲ್ಲೂಕಿಗೇ ಸೇರಿದ ಹಾಗೆ ಹೈವೇ ಪಕ್ಕ ಹೊಲದ ನಡುವೆ ಒಂದು ದೊಡ್ಡ ಶಾಲೆ ಇದೆ. ಈಜುಕೊಳ, ಎಸಿ ಕ್ಲಾಸ್ ರೂಮು, ಕುದುರೆ ಸವಾರಿ. ಜಾಗ ಮಾತ್ರ ಗ್ರಾಮ ಪಂಚಾಯಿತಿ ವ್ಯಾಪ್ತಿಯದು. ಹುಡುಗ ಹತ್ತೂ ವರ್ಷ ದಾವಣಗೆರೆಯ ಮನೆಯಿಂದ ಅಲ್ಲಿಗೆ ಶಾಲೆಯ ಬಸ್ಸಿನಲ್ಲಿ ಹೋಗಿ ಬಂದವನು. ಹತ್ತೂ ಸಾಲು ಸರಿಯಾಗಿದ್ದವು. ಕೇಸ್ ವರ್ಕರ್ ಮರುಮಾತಿಲ್ಲದೆ ಸಹಿಗೆ ಕಳಿಸಿದ.

"ನಿಮ್ಮ ಹುಡುಗಿದು ಆಗ್ಲಿಲ್ವೇನ್ರೀ?" ಅವರು ನಿಜವಾಗಿಯೂ ಮರುಗಿದರು. "ಮೊದ್ಲೇ ವಿಚಾರ ಮಾಡ್ಬೇಕಿತ್ತು. ನಾವು ರೂರಲ್ ಸಿಗ್ತೈತೆ ಅಂತಾನೇ ಅಲ್ಲಿಗೆ ಹಾಕಿದ್ದು."

ಸುಳ್ಳು ದಾಖಲೆಯಲ್ಲ. ಮೋಸವಲ್ಲ. ನಿಯಮವನ್ನು ಓದಿಕೊಂಡವರು, ಅಷ್ಟೆ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಹಳ್ಳಿಯಲ್ಲಿ ಓದಿದವರಿಗೆ ಕೋಟಾ ಯಾಕೆ ಕೊಟ್ಟರು? ಅಲ್ಲಿ ಮೇಷ್ಟ್ರಿಲ್ಲ, ಲ್ಯಾಬಿಲ್ಲ, ಆ ಮಕ್ಕಳು ಹಿಂದೆ ಬೀಳುತ್ತಾರೆ ಅಂತ. ಸರಿ. ವೇಣಿ ಎಂಟನೇ ಕ್ಲಾಸಿಗೆ ಬಂದ ವರ್ಷ ಊರಿನ ಶಾಲೆಯಲ್ಲಿ ವಿಜ್ಞಾನಕ್ಕೆ ಮೇಷ್ಟ್ರಿರಲಿಲ್ಲ. ಇಲ್ಲದ ಮೇಷ್ಟ್ರನ್ನು ಹುಡುಕಿಕೊಂಡು ಒಂದು ವರ್ಷ ಜಗಳೂರಿಗೆ ಬಸ್ಸು ಹತ್ತಿದಳು. ಅಷ್ಟಕ್ಕೇ ಪಟ್ಟಣದವಳಾದಳು! ದಿನಾ ಪಟ್ಟಣದ ಮನೆಯಿಂದ ಈಜುಕೊಳದ ಶಾಲೆಗೆ ಹೋದವನು ಹಳ್ಳಿಯವನು. ಇದನ್ನು ಬರೆದವರು ಯಾವತ್ತಾದರೂ ಬೆಳಗಿನ ಬಸ್ಸಿನಲ್ಲಿ ನಿಂತು ಶಾಲೆಗೆ ಹೋಗಿದ್ದರೇ?

ಬಸ್ ಸ್ಟ್ಯಾಂಡಿನಲ್ಲಿ ನಾನು ಇದನ್ನೆಲ್ಲ ಜೋರಾಗಿಯೇ ಹೇಳುತ್ತಿದ್ದೆ. ತಿಪ್ಪಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಆರೋಪದ ದನಿಯಲ್ಲಲ್ಲ, ಹವಾಮಾನದ ಮಾತಾಡುವ ಹಾಗೆ ಹೇಳಿದಳು.

"ನೀವೇ ಹೇಳಿದ್ರಲ್ಲ ಅಕ್ಕೋರೆ. ಇಲ್ಲೇ ಇದ್ರೆ ಹುಡುಗಿ ಕುರಿ ಕಾಯಾಕೆ ಲಾಯಕ್ಕಾಗ್ತಾಳೆ, ಇಂಗ್ಲಿಷ್ ಮೀಡಿಯಮ್ಮಿಗೆ ಹಾಕು ಅಂತ."

ನಾನಾ? ನನ್ನ ನೆನಪಿನಲ್ಲಿ ಅದು ಹಾಗಿಲ್ಲ. ನನ್ನ ನೆನಪಿನಲ್ಲಿ ತಿಪ್ಪಮ್ಮನೇ ಬಂದು ಕೇಳಿದ್ದಳು, ನಾನು "ನೋಡು, ಒಳ್ಳೆಯದೇ" ಎಂದಿದ್ದೆ, ಅಷ್ಟೆ. ಕುರಿಯ ಮಾತು ನನ್ನ ಬಾಯಲ್ಲಿ ಬಂದೀತೇ? ಎಷ್ಟೋ ಮದುವೆ ಊಟಗಳಲ್ಲಿ ನಾನು ವೇಣಿಯ ಕಥೆ ಹೇಳಿದ್ದೇನೆ. ಆ ಕಥೆಯಲ್ಲಿ ಜಗಳೂರಿನ ವರ್ಷವೇ ಅವಳ ಬದುಕಿನ ತಿರುವು.

ಮನೆಗೆ ಬಂದು ಹಳೇ ಡೈರಿ ತೆಗೆದೆ. (ಡೈರಿಯನ್ನೂ ಪೂರ್ತಿ ನಂಬುವವಳಲ್ಲ ನಾನು. ಬರೆದವಳು ನಾನೇ ತಾನೆ?) ಜೂನ್ ತಿಂಗಳ ಒಂದು ಪುಟದಲ್ಲಿ ಹೀಗಿತ್ತು: "ತಿಪ್ಪಮ್ಮನಿಗೆ ಮೂರು ದಿನ ಹೇಳಿ ಸಾಕಾಯಿತು. ಕೊನೆಗೂ ಹೂಂ ಅಂದಳು. ಟಿ.ಸಿ. ಅರ್ಜಿ ನಾನೇ ಬರೆದುಕೊಟ್ಟೆ. ಇವತ್ತು ಒಂದು ಒಳ್ಳೆ ಕೆಲಸ ಮಾಡಿದೆ."

ಕುರಿಯ ಮಾತು ಅಲ್ಲಿರಲಿಲ್ಲ. ಇರದಿದ್ದರೆ ಆಡಿಲ್ಲ ಎಂದೇನೂ ಅಲ್ಲವಲ್ಲ.

ಮುಂದಿನ ಏಪ್ರಿಲ್ಲಿನ ಪುಟ ಇನ್ನೂ ಕೆಟ್ಟದಾಗಿತ್ತು. "ವೇಣಿಗೆ ಇಂಗ್ಲಿಷ್ ಪಾಠ ತಲೆಗೆ ಹತ್ತಿಲ್ಲ. ವಿಜ್ಞಾನದಲ್ಲೇ ಕಡಿಮೆ. ಅಳುತ್ತಾಳೆ. ವಾಪಸ್ ಊರಿನ ಶಾಲೆಗೆ ಸೇರಿಸುತ್ತಾರಂತೆ." ಇದನ್ನು ಮಾತ್ರ ನಾನು ಯಾವ ಮದುವೆ ಊಟದಲ್ಲೂ ಹೇಳಿಲ್ಲ. ಮರೆತೇಬಿಟ್ಟಿದ್ದೆ. ಎಷ್ಟು ಅನುಕೂಲದ ಮರೆವು ನೋಡಿ!

ನಮ್ಮಂಥವರಿಗೆ ಒಂದು ಚಟವಿದೆ. ನಾಲ್ಕಕ್ಷರ ಓದಿ, ಸಂಬಳ ಎಣಿಸಿಕೊಂಡು ಹಳ್ಳಿಗೆ ಹೋಗಿ ಕೂತ ತಕ್ಷಣ ಊರಿನ ಮಕ್ಕಳಿಗೆಲ್ಲ ಸಲಹೆ ಕೊಡುವುದು. ನಿಯಮ ಓದುವುದಿಲ್ಲ. ಒಂದು ಫೋನು ಮಾಡಿ ಕೇಳುವುದಿಲ್ಲ. ಇಂಗ್ಲಿಷ್ ಮೀಡಿಯಂ ಎಂದರೆ ಒಳ್ಳೆಯದು, ಹಳ್ಳಿ ಶಾಲೆ ಎಂದರೆ ಕುರಿ. ಆ ಕಾರಿನ ಯಜಮಾನರು ತಮ್ಮ ಮಗನಿಗೆ ಲೆಕ್ಕ ಹಾಕಿ ಶಾಲೆ ಹುಡುಕಿದರು. ನಾನು ಬೇರೆಯವರ ಮಗಳಿಗೆ ಬಾಯಿಗೆ ಬಂದದ್ದು ಹೇಳಿದೆ.

ವೇಣಿ ಅವತ್ತು ಜಗಳೂರು ಸ್ಟ್ಯಾಂಡಿನಲ್ಲೇ ಮೊಬೈಲ್ ತೆಗೆದು ಅರ್ಜಿ ತಿದ್ದಿದಳು. ಗ್ರಾಮೀಣ ಅಭ್ಯರ್ಥಿಯೇ? ಇಲ್ಲ. ಕನ್ನಡ ಮಾಧ್ಯಮವೇ? ಇಲ್ಲ. ಅದನ್ನು ಒತ್ತುವಾಗ ಕನ್ನಡದಲ್ಲೇ ಗೊಣಗಿಕೊಂಡಳು, ಏನೆಂದು ಬರೆಯುವಂತಿಲ್ಲ. ನಾಲ್ಕು ದಿನ ಬಿಟ್ಟು ನಮ್ಮ ಮನೆಗೆ ಬಂದಾಗ ಅದೇ ಪಿಯುಸಿ ಪುಸ್ತಕ ಮೊದಲ ಪಾಠಕ್ಕೆ ತೆರೆದಿತ್ತು. "ಇನ್ನೊಂದು ಸಲ ಬರೀತೀನಿ ಮೇಡಂ. ಮೂರನೇ ವರ್ಷದ ಪ್ರಾಜೆಕ್ಟೂ ಐತೆ, ಹೆಂಗೋ ಮಾಡ್ತೀನಿ." ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. "ಫ್ಯಾನು ಒಂಚೂರು ಜೋರು ಮಾಡ್ತೀರಾ?" ಎಂದಳು. ಮಾಡಿದೆ.

ಮೊನ್ನೆ ಭಾನುವಾರ ತಿಪ್ಪಮ್ಮನ ಫೋನು.

"ಅಕ್ಕೋರೆ, ಸಣ್ಣೋಳು ಈ ವರ್ಷ ಎಂಟಕ್ಕೆ ಬಂದಳು. ವಿಜ್ಞಾನದ ಮೇಷ್ಟ್ರಿಗೆ ವರ್ಗ ಆಗೇತೆ, ಬೇರೆಯೋರು ಬಂದಿಲ್ಲ. ಮುಂದಿನ ತಿಂಗಳು ಬರ್ತಾರೆ ಅಂತಾರೆ, ಯಾವ ತಿಂಗಳು ಅಂತ ಯಾರೂ ಹೇಳಲ್ಲ. ಇವಳೂ ಅಕ್ಕನಂಗೆ ಡಾಕ್ಟ್ರೇ ಆಗ್ತೀನಿ ಅಂತ ಕುಂತಾಳೆ. ಜಗಳೂರಿಗೆ ಹಾಕ್ಲೋ, ಇಲ್ಲೇ ಬಿಡ್ಲೋ? ಏನ್ ಮಾಡ್ಲಿ ಹೇಳ್ರಿ."

ಊರಲ್ಲೇ ಬಿಟ್ಟರೆ ಕೋಟಾ ಉಳಿಯುತ್ತದೆ, ಪಾಠ ಇಲ್ಲ. ಕಳಿಸಿದರೆ ಪಾಠ ಇದೆ, ಕೋಟಾ ಹೋಗುತ್ತದೆ.

ಆ ಹದಿಮೂರು ವರ್ಷದ ಹುಡುಗಿಗೆ, ನೀನು ಡಾಕ್ಟರಾಗಬೇಕಾದರೆ ಮೇಷ್ಟ್ರಿಲ್ಲದ ಕ್ಲಾಸಿನಲ್ಲೇ ಕೂತಿರು ಎಂದು ಹೇಳುವವರು ಯಾರು, ನಾನೋ, ನಿಯಮ ಮಾಡಿದವರೋ?