ಕಿಂಡಿಯಲ್ಲಿ ಕೂಗಿದ ಹೆಸರು

ಆರಂತಸ್ತಿನ ಕಟ್ಟಡದ ತಾರಸಿ ಮೇಲಿನ ಕೋಣೆಯಲ್ಲಿ ಮಂಡಿಯೂರಿ, ನೆಲದ ಕಿಂಡಿಗೆ ಬಾಯಿಟ್ಟು ಗಂಡನನ್ನು ಹೆಸರು ಹಿಡಿದು ಕೂಗುವುದು. ಬೆಂಗಳೂರು ನನಗೆ ಕಲಿಸಿದ ಮೊದಲ ವಿದ್ಯೆ ಇದು. ಯಾದಗಿರಿ ಕಡೆಯ ನನ್ನ ಓರಗೆಯವರು ಇದನ್ನೋದಿ ಬಾಯಿಗೆ ಸೆರಗು ಹಚ್ಚಿಕೊಂಡು ನಗುತ್ತಾರೆ. ನಗಲಿ, ಅವರ ಗಂಡಂದಿರು ನೆಲದ ಮೇಲೆ ದುಡಿಯುತ್ತಾರೆ.

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. "ಎಂಜಿನಿಯರ್ ಇದ್ದಂಗ" ಎಂದು ತಿಳಿದು ನನ್ನನ್ನು ಕೊಟ್ಟರು. ಬಂದು ನೋಡಿದರೆ ಬೈಯಪ್ಪನಹಳ್ಳಿಯಲ್ಲಿ ತಗಡಿನ ಒಂದು ಕೋಣೆ. ಊರಲ್ಲಿ ಮಾಳಿಗೆ ಮೇಲೆ ಮಲಗಿದರೆ ಗಾಳಿಯಾದರೂ ಇತ್ತು. ಇಲ್ಲಿ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ರೊಟ್ಟಿ ಬಡಿಯುವ ಸದ್ದಿಗೆ ಓನರಮ್ಮ ಬೈಯುತ್ತಾರೆ. ನನ್ನ ಮಾತು ಕೇಳಿ "ನೀವು ಯಾವ್ ಭಾಷೆಯವ್ರು?" ಎಂದವರೂ ಇದ್ದಾರೆ.

ಲಿಫ್ಟ್ ರಿಪೇರಿ ಇಬ್ಬರ ಕೆಲಸ. ಒಬ್ಬ ಶಾಫ್ಟಿಗೆ, ಅಂದರೆ ಲಿಫ್ಟ್ ಓಡಾಡುವ ಬಾವಿಯಂಥ ಜಾಗಕ್ಕೆ ಇಳಿದರೆ, ಇನ್ನೊಬ್ಬ ತಾರಸಿಯಲ್ಲಿ ಮೇನ್ ಸ್ವಿಚ್ ಆರಿಸಿ ಕಾಯಬೇಕು. ಒಳಗಿದ್ದವನು ಹೇಳುವ ತನಕ ಕರೆಂಟ್ ಹಾಕುವಂತಿಲ್ಲ. ಖರ್ಚು ಉಳಿಸಲು ಕಂಟ್ರಾಕ್ಟರ್ ಜೊತೆಯವನನ್ನು ಬಿಡಿಸಿದ. ಕೇಳಿದರೆ, "ಒಬ್ಬ ಸಾಕು ಗುರು. ಆಗಲ್ಲ ಅಂದ್ರೆ ಬಿಡು, ಬೇರೆಯವ್ರು ಬರ್ತಾರೆ," ಅಂದ. ಪಿಎಫ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಸೊಂಟದ ಬೆಲ್ಟ್ ಹರಿದರೆ ನಮ್ಮದೇ ದುಡ್ಡು.

ಒಂದು ದಿನ ಯಾರೋ ಅವಸರದವರು ಸ್ವಿಚ್ ಹಾಕಿಬಿಟ್ಟರು. ಲಿಫ್ಟ್ ಕದಲಿತು. ಇವರ ಬೂಟು ಸಿಕ್ಕಿ ಹರಿಯಿತು, ಕಾಲು ಉಳಿಯಿತು. ರಾತ್ರಿ ಆ ಬೂಟು ಕೈಯಲ್ಲಿ ಹಿಡಿದು ಮನೆಗೆ ಬಂದರು. ಮರುದಿನದಿಂದ ಸ್ವಿಚ್ ಕಾಯಲು ನಾನೇ ಹೊರಟೆ. ಒಂದು ಸಂಬಳಕ್ಕೆ ಇಬ್ಬರ ದುಡಿಮೆ.

ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಮೇಡಂ ಮೆಟ್ಟಿಲು ಹತ್ತಿ ಬಂದು, "ಇನ್ನೂ ಎಷ್ಟೊತ್ತಮ್ಮಾ? ನಮ್ ಡಾಗಿನ ವಾಕಿಂಗ್ ಕರ್ಕೊಂಡ್ ಹೋಗ್ಬೇಕು. ಆನ್ ಮಾಡ್ರೀ," ಎಂದರು. ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತೆ. "ಒಳಗ ನನ್ನ ಗಂಡ ಅದಾರ್ರಿ," ಎಂದೆ. ಅವರು ಮೆಟ್ಟಿಲು ಇಳಿದು ಹೋದರು. ಈ ಊರಲ್ಲಿ ನಾನು ಗೆದ್ದದ್ದು ಅದೊಂದೇ.

ಅದೇ ದಿನ ಸೋಲುವುದೂ ಇತ್ತು. ಲಿಫ್ಟಿನ ಹಗ್ಗ ಇಳಿಯುವ ಕಿಂಡಿಯಲ್ಲಿ ಬಗ್ಗಿ, "ರೀ, ಹಾಕ್ಲೇನ್ರಿ?" ಎಂದೆ. "ಹಾಕಮ್ಮಾ!" ಎಂದು ಗಂಡಸಿನ ದನಿ ಬಂತು. ಸ್ವಿಚ್ಚಿನ ಮೇಲೆ ಕೈಯಿಟ್ಟೆ. ಆದರೆ ಸುತ್ತಿಗೆಯ ಸದ್ದು ಇನ್ನೂ ಕೇಳುತ್ತಿತ್ತು. ಉತ್ತರ ಕೊಟ್ಟವನು ಕೆಳಗಿನ ಮಹಡಿಯಲ್ಲಿ ಗೋಡೆಗೆ ಬಣ್ಣ ಬಳಿಯುತ್ತಿದ್ದವನು. ಸ್ವಿಚ್ ಹಾಕದೆ ಕೈ ಹಿಂದಕ್ಕೆ ತೆಗೆದೆ.

ಮೇಲೆ ಬಂದ ಇವರು, "ಇನ್ಮ್ಯಾಲ ಹೆಸರ ಹಿಡದು ಕರಿ. ನಾ 'ಓ' ಅಂದ ಮ್ಯಾಲ ಕೇಳು," ಎಂದರು. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಸೇರಿಸಿ ಒಂದು ಸಲ ಹೇಳಿದ ಹೆಸರು. ಆಮೇಲೆ ರೇಷನ್ ಅಂಗಡಿಯಲ್ಲೂ ನಾನು ಹೇಳಿರಲಿಲ್ಲ, ಪಕ್ಕದವರಿಂದ ಹೇಳಿಸುತ್ತಿದ್ದೆ. ಅವತ್ತು ಇವರು ಮತ್ತೆ ಇಳಿದ ಮೇಲೆ ಕಣ್ಣು ಮುಚ್ಚಿ ಕೂಗಿದೆ: "ಶರಣಪ್ಪಾ!" ಕತ್ತಲೊಳಗಿಂದ "ಓ" ಬಂತು. ಅಷ್ಟು ಹಿತವಾದ ಸದ್ದು ನಾನು ಈ ಊರಲ್ಲಿ ಬೇರೆ ಕೇಳಿಲ್ಲ.

ಈಗ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೇನೆ. ಹೊಟ್ಟೆ ಹೊತ್ತು ಮೆಟ್ಟಿಲು ಹತ್ತಲಾಗಲಿಲ್ಲ. ಇಲ್ಲಿ ಬಿಸಿ ರೊಟ್ಟಿ, ಅವ್ವನ ಮಾತು, ಮಾಳಿಗೆಯ ಗಾಳಿ ಎಲ್ಲ ಇವೆ. ತಟ್ಟೆಯ ರೊಟ್ಟಿ ಮಾತ್ರ ಹಾಗೇ ಆರುತ್ತದೆ. ಅಲ್ಲಿ ಸ್ವಿಚ್ಚಿನ ಹತ್ತಿರ ಯಾರೂ ಇಲ್ಲ. ಕೆಲಸ ಬಿಡ್ರಿ ಎಂದು ಫೋನಿನಲ್ಲಿ ಅತ್ತರೆ, "ಬಿಟ್ರ ಏನ ತಿನ್ನೋದು?" ಎನ್ನುತ್ತಾರೆ.

ಇವತ್ತು ಮಧ್ಯಾಹ್ನ ಫೋನ್ ಹಚ್ಚಿದೆ, ಎತ್ತಲಿಲ್ಲ. ಶಾಫ್ಟಿಗೆ ಇಳಿಯುವಾಗ ಫೋನ್ ಮೇಲಿಟ್ಟು ಹೋಗುತ್ತಾರೆ, ನನಗೆ ಗೊತ್ತು. ಆದರೂ ಮಾಳಿಗೆ ಹತ್ತಿ ಗಂಟಲು ಹರಿಯುವಂತೆ "ಶರಣಪ್ಪಾ" ಎಂದು ಕೂಗಿಬಿಟ್ಟೆ. ಅವ್ವ ಓಡಿ ಬಂದಳು. "ಹುಚ್ಚ ಹುಡುಗಿ, ಗಂಡನ ಹೆಸರ ಹಿಡದು ಒದರತಾರೇನ? ಮಂದಿ ಏನಂದಾರು!"

ನಾನು ಅವಳಿಗೆ ಸುಮ್ಮನಿರೆಂದು ಕೈ ತೋರಿಸಿ, ಕಿವಿಗೊಟ್ಟು ನಿಂತೆ. "ಓ" ಬರಲಿಲ್ಲ.