ಗುಂಡನ ಹೊಟ್ಟೆ, ಮಾಲಕರ ಕೈ

ನಮ್ಮ ಮನೆ ಮಾಲಕರು ಯಾರನ್ನು ಮುಟ್ಟಿದರೂ ಅಂಗೈ ಮಗುಚಿ, ಬೆರಳುಗಳ ಬೆನ್ನಿನಿಂದ ಮುಟ್ಟುತ್ತಿದ್ದರು. ಓಣಿಯ ಮಕ್ಕಳ ಕೆನ್ನೆ, ಆಕಳ ಹಣೆ, ನಮ್ಮ ನಾಯಿಯ ಕಿವಿ, ಎಲ್ಲಕ್ಕೂ ಹಾಗೆಯೇ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಚೀಲದೊಳಗೆ ಕೈ ಹಾಕಿ, ಕಾಯಿ ಮುರಿದು, ಬೀಜ ಅಲ್ಲಾಡಿಸಿ, ಮಾಲು ಹೇಗಿದೆ ಎಂದು ಹೇಳುತ್ತಿದ್ದ ಕೈ ಅದು. ಗೆರೆಗೆರೆಯಲ್ಲೂ ಕೆಂಪು ಕೂತುಬಿಟ್ಟಿತ್ತು. ಕೆಲಸ ಬಿಟ್ಟು ಆರೇಳು ವರ್ಷವಾದರೂ ಅಂಗೈಯಲ್ಲಿ ಖಾರ ಇದೆ ಎಂಬ ಭಯ ಅವರನ್ನು ಬಿಟ್ಟಿರಲಿಲ್ಲ.

"ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾದದ್ದು, ಖಾರಕ್ಕಲ್ಲ ಅಂತ ನೀವ ಹೇಳ್ತೀರಲ್ರಿ ಮಾಲಕರ" ಎಂದು ನಾನು ಕಾಲೆಳೆದರೆ, "ಖಾರ ಕಡಿಮಿ ಅಂದೇನಿ, ಇಲ್ಲ ಅಂದಿಲ್ಲರಿ ಸಾಹೇಬ್ರ" ಅನ್ನುವರು.

ನಾನು ಸಾಹೇಬನಲ್ಲ. ಹಾವೇರಿಯ ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿದ್ದನ್ನು ಟೈಪ್ ಮಾಡುವ ಗುಮಾಸ್ತ. ಹಾವೇರಿಯಿಂದ ವರ್ಗವಾಗಿ ಹೋದ ಅಧಿಕಾರಿಯೊಬ್ಬರು ಬಿಸ್ಕೀಟು ಬಣ್ಣದ ಒಂದು ಲ್ಯಾಬ್ರಡಾರ್ ಮರಿಯನ್ನು ನಮಗೆ ಕೊಟ್ಟು ಹೋಗಿದ್ದರು. ಅದನ್ನು ಕಟ್ಟಿಕೊಂಡು ಬ್ಯಾಡಗಿಯಲ್ಲಿ ಬಾಡಿಗೆ ಮನೆ ಹುಡುಕಿದಾಗ ಮೂರು ಮನೆಯವರು ನಾಯಿ ಇದೆ ಎಂದು ಬಾಗಿಲು ಹಾಕಿಕೊಂಡರು. ಇವರು ಮಾತ್ರ ನಾಯಿ ನೋಡಿಯೇ ಕೀಲಿಕೈ ಕೊಟ್ಟರು. ಆ ವಾರವಷ್ಟೇ ಅವರ ಮುದಿ ನಾಯಿ ಸತ್ತಿತ್ತಂತೆ. ಮನೆಯ ಮುಂದಿನ ಭಾಗ ನಮಗೆ, ಹಿಂದಿನ ಭಾಗದಲ್ಲಿ ಅವರು ಮತ್ತು ಅವರ ಹೆಂಡತಿ. ಹಿತ್ತಲು ಇಬ್ಬರಿಗೂ ಸೇರಿದ್ದು. ನಮ್ಮ ನಾಯಿ ಗುಂಡ ಮಲಗುತ್ತಿದ್ದುದು ಅಲ್ಲೇ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ.

ನಮಗೆ ಮಕ್ಕಳಿಲ್ಲ. ನಾನು ಬೆಳಿಗ್ಗೆ ಹಾವೇರಿಗೆ ಹೋದರೆ ಬರುವುದು ಸಂಜೆ. ಅಲ್ಲಿಯವರೆಗೆ ಹೆಂಡತಿ ಮಾತಾಡುತ್ತಿದ್ದುದು ಗುಂಡನ ಜೊತೆ. ಆದ್ದರಿಂದ ಅದರ ಹೊಟ್ಟೆ ಕೆಟ್ಟಾಗ ಕೆಟ್ಟದ್ದು ಬರೀ ನಾಯಿಯ ಹೊಟ್ಟೆಯಲ್ಲ.

ವರ್ಷ ತುಂಬಿದ ಮೇಲೆ ಶುರುವಾಯಿತು. ಮೊದಲು ಸಡಿಲ ಭೇದಿ, ಆಮೇಲೆ ನೀರು, ಒಮ್ಮೊಮ್ಮೆ ವಾಂತಿ. ಹೊಟ್ಟೆಯೊಳಗಿನ ಗುಡುಗುಡು ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತಿತ್ತು. ಎರಡು ದಿನ ಸುಸ್ತಾಗಿ ಬಿದ್ದು, ಮೂರನೆಯ ದಿನ ಎದ್ದು, ಶುಕ್ರವಾರದ ಹೊತ್ತಿಗೆ ಬಾಲ ಆಡಿಸಿ, ಸೋಮವಾರ ಮತ್ತೆ ಬೀಳುತ್ತಿತ್ತು. ಹೆಸರು ಗುಂಡ, ಪಕ್ಕೆಲುಬು ಎಣಿಸಬಹುದು. ನಮಗೆ ಭೇದಿಯಾದರೆ ಏನು ಮಾಡುತ್ತೇವೋ ಹೆಂಡತಿ ಅದನ್ನೇ ಮಾಡಿದಳು. ಮೆತ್ತಗೆ ಕಲೆಸಿ ಮೊಸರನ್ನ ಹಾಕಿದಳು. ಹಾಕಿದಷ್ಟೂ ಹೆಚ್ಚಾಯಿತು.

ಟಂಟಂ ಆಟೋ ಮಾಡಿಕೊಂಡು ರಾಣೆಬೆನ್ನೂರಿಗೆ ಒಯ್ದೆವು. ಅಲ್ಲಿಯ ಡಾಕ್ಟರ್ ಮೇಡಂ ಮಲ ಪರೀಕ್ಷೆ ಮಾಡಿಸಿದರು, ಜಂತಿನ ಔಷಧ ಕೊಟ್ಟರು, ಉಣ್ಣಿ ಜ್ವರವೇನೋ ಎಂದು ರಕ್ತವನ್ನೂ ನೋಡಿದರು. ಎಲ್ಲ ಸರಿಯಿತ್ತು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಏನೇನು ತಿನ್ನಿಸುತ್ತೀರಿ ಎಂದು ಒಂದೊಂದೇ ಕೇಳಿದರು.

"ಯಾವುದೋ ಒಂದು ತಿನಿಸು ಇದರ ಹೊಟ್ಟಿಗೆ ಒಗ್ಗವಲ್ದು ಅನಸ್ತದ. ಯಾವುದು ಅಂತ ಈಗ ಹೇಳಾಕ ಬರಂಗಿಲ್ಲ. ಹೊಟ್ಟಿಗೆ ಹಗುರ ಆಗೂದನ್ನ ಅಷ್ಟ ಕೊಡೂಣು. ಅನ್ನ, ಬೇಯಿಸಿದ ಕೋಳಿ, ಇವೆರಡ. ಉಪ್ಪು, ಎಣ್ಣಿ, ಅರಿಷಿಣ ಏನೂ ಬ್ಯಾಡ. ಹಾಲು, ಮೊಸರು, ಚಪಾತಿ, ಬಿಸ್ಕೀಟು ಎಲ್ಲಾ ಬಂದ್. ಆರು ವಾರ ಇದೊಂದ. ನಡುವ ಒಂದು ತುಣುಕು ಬ್ಯಾರೆ ಹೋದ್ರೂ ಮತ್ತ ಮೊದಲಿಂದ ಶುರು ಮಾಡಬೇಕು. ಮನ್ಯಾಗ ಬ್ಯಾರೆ ಯಾರರ ತಿನ್ನಾಕ ಹಾಕ್ತಾರೇನು, ಕೇಳ್ರಿ."

ಕೋಳಿ ಅಂದಾಗ ನಮ್ಮಿಬ್ಬರ ಮುಖ ಸಣ್ಣದಾಯಿತು. ಮಾಲಕರದು ಮಾಂಸ ಬೇಯಿಸದ ಮನೆ. ಬಾಡಿಗೆಗೆ ಬರುವಾಗ ಅವರು ಹಾಕಿದ್ದ ಷರತ್ತು ಅದೊಂದೇ. ಹೇಗೆ ಕೇಳುವುದೆಂದು ತೊದಲುತ್ತ ಹೇಳಿದೆ. ಅವರು ಗುಂಡನ ಪಕ್ಕೆಯ ಮೇಲೆ ಬೆರಳ ಬೆನ್ನು ಆಡಿಸಿದರು.

"ಅದರ ಪಾಲಿಗಿ ಅದು ಔಷಧ. ಔಷಧಕ್ಕ ಮಡಿ-ಮೈಲಿಗಿ ಏನರಿ. ಹಿತ್ತಲದಾಗ ಒಲಿ ಹೂಡಿ ಕೊಡ್ತೀನಿ, ಅಲ್ಲೆ ಕುದಿಸ್ರಿ" ಎಂದರು. ತಾವೇ ಮೂರು ಕಲ್ಲು ತಂದು ಇಟ್ಟರು. ಕುದಿಯುವಾಗ ಅವರ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು.

ಅವತ್ತೇ ಕೇಳಿದೆ: "ಮಾಲಕರ, ನೀವು ಗುಂಡಗ ಏನರ ತಿನ್ನಾಕ ಹಾಕ್ತೀರೇನ್ರಿ?"

"ಇಲ್ಲರಿ. ನಿಮ್ಮ ನಾಯಿಗಿ ನಿಮ್ಮನ್ನ ಕೇಳದ ಹ್ಯಾಂಗ ಹಾಕ್ಲಿ?"

ಸಾಕ್ಷಿಗಳ ಮುಖ ನೋಡಿ ನೋಡಿ ಪಳಗಿದವನು ನಾನು. ಇವರು ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಾಯಿತು. ಈಗಲೂ ಹೇಳುತ್ತೇನೆ, ಅವರು ಸುಳ್ಳು ಹೇಳಲಿಲ್ಲ.

ಮೊದಲ ವಾರ ಗುಂಡ ಚೇತರಿಸಿತು. ಸೋಮವಾರ ಮತ್ತೆ ಬಿತ್ತು. ಎರಡನೆಯ ವಾರವೂ ಅಷ್ಟೇ. ಹೆಂಡತಿ ಅದರ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದಳು. ಹೀಗೇ ಇಳಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರ್ ಮೇಡಂ ಫೋನಿನಲ್ಲಿ ಹೇಳಿದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ಕಾರಣ ಹುಡುಕಿ ಹುಡುಕಿ ನನ್ನ ಕಣ್ಣು ಮಾಲಕರ ಕೈ ಮೇಲೆ ಬಿತ್ತು. ಅವರು ಸವರುತ್ತಾರೆ, ನಾಯಿ ಅವರ ಬೆರಳು ನೆಕ್ಕುತ್ತದೆ. ನಲವತ್ತು ವರ್ಷದ ಖಾರ.

"ಇನ್ನ ಮ್ಯಾಲೆ ಅದನ್ನ ಮುಟ್ಟಬ್ಯಾಡ್ರಿ ಮಾಲಕರ. ನಿಮ್ಮ ಕೈಯಾಗಿನ ಖಾರ ಅದರ ಹೊಟ್ಟಿಗೆ ಹೋಗಾಕತ್ತೈತಿ."

ಅವರು ಕೈಯನ್ನು ಒಮ್ಮೆ ನೋಡಿಕೊಂಡು ಹಿಂದಕ್ಕೆ ಕಟ್ಟಿಕೊಂಡರು. "ಇರಬಹುದ್ರಿ" ಎಂದರು. ಅಂದಿನಿಂದ ಗುಂಡ ಓಡಿ ಬಂದರೂ ಅವರು ಕೈ ಕಟ್ಟಿಯೇ ನಿಲ್ಲುತ್ತಿದ್ದರು. ಅದು ಅವರ ಸುತ್ತ ಸುತ್ತಿ, ಕೊನೆಗೆ ಪಾದದ ಮೇಲೆ ತಲೆ ಇಟ್ಟು ಮಲಗುತ್ತಿತ್ತು.

ಮೂರನೆಯ ರವಿವಾರ ಬೆಳಕು ಹರಿಯುವ ಹೊತ್ತಿಗೆ ನಳಕ್ಕೆ ನೀರು ಬಂತೇನೋ ಎಂದು ಎದ್ದು ಹಿತ್ತಲ ಬಾಗಿಲು ತೆಗೆದೆ. ಮಾಲಕರು ಮಿಂದು, ಹಣೆಗೆ ಭಂಡಾರದ ಅರಿಷಿಣ ಹಚ್ಚಿಕೊಂಡು ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಎದುರಿಗೆ ಹಿತ್ತಾಳೆಯ ಬೋಗುಣಿ. ಅದರಲ್ಲಿ ಗೋಧಿ ಬೆಲ್ಲದ ಮಾದಲಿ, ಹಾಲು, ತುಪ್ಪ, ಕಿವುಚಿದ ಬಾಳೆಹಣ್ಣು. ಗುಂಡ ತಲೆ ಎತ್ತದೆ ತಿನ್ನುತ್ತಿತ್ತು. ನಾನು ಹೇಳಿದ್ದಕ್ಕೆ ಅವರು ಕೈ ತಾಗಿಸದೆ ಚಮಚದಿಂದ ಕಲೆಸಿದ್ದರು. ಕೈ ಮುಗಿದು, ತುಟಿಯೊಳಗೇ "ಏಳುಕೋಟಿ, ಏಳುಕೋಟಿ" ಅನ್ನುತ್ತಿದ್ದರು.

ಏಳುಕೋಟಿಯ ದೇವರು ಮೈಲಾರಲಿಂಗನಿಗೆ ನಾಯಿಯೆಂದರೆ ಪ್ರೀತಿ. ದೇವರಗುಡ್ಡದಲ್ಲಿ ಅವನ ಸೇವೆಯ ಗೊರವಯ್ಯಗಳು ನಾಯಿಯಂತೆ ಬೊಗಳುತ್ತ ದೋಣಿಯೆಂಬ ಮರದ ಪಾತ್ರೆಯೊಳಗಿನ ಹಾಲು ಹಣ್ಣಿಗೆ ಬಾಯಿ ಹಾಕುವುದನ್ನು ನಾನೂ ನೋಡಿದ್ದೇನೆ. ಆದರೆ ಆ ಹೊತ್ತಿಗೆ ನನಗೆ ಕಂಡದ್ದು ಬೋಗುಣಿಯ ಹಾಲು ಮಾತ್ರ.

"ಏನೂ ಹಾಕಂಗಿಲ್ಲ ಅಂದಿದ್ರಲ್ಲರಿ" ಎಂದೆ.

"ಇದು ತಿನ್ನಾಕ ಹಾಕಿದ್ದಲ್ಲರಿ ಸಾಹೇಬ್ರ. ಇದು ಎಡಿ. ಐತವಾರ ಇದು ನಿಮ್ಮ ನಾಯಿ ಅಲ್ಲ, ನಮ್ಮಪ್ಪ ಮೈಲಾರ. ದೇವರಿಗಿ ಕೊಟ್ಟಿದ್ದನ್ನ ಯಾರರ ಹೇಳಿಕೋತ ಅಡ್ಡಾಡ್ತಾರೇನು? ಹಾಲಿನಿಂದ ಯಾರಿಗರ ಕೆಟ್ಟ ಆಗತೈತೇನ್ರಿ?"

ಅವರು ಖರೇ ತಿಳಿಯದೆಯೇ ಕೇಳಿದ್ದರು. ನಾನು ಬೋಗುಣಿ ಕಿತ್ತುಕೊಂಡು ಬಚ್ಚಲಿಗೆ ಚೆಲ್ಲಿದೆ. "ನಿಮ್ಮ ದೇವರು ನಮ್ಮ ನಾಯಿನ್ನ ಕೊಲ್ಲಾಕತ್ತಾನ" ಎಂದೆ.

ಆಡಿದ ಮಾತು, ಒಡೆದ ಮುತ್ತು. ಅವರು ಮೊಣಕಾಲಿಗೆ ಕೈಕೊಟ್ಟು ಎದ್ದರು. ಬರಿದಾದ ಬೋಗುಣಿ ತೆಗೆದುಕೊಂಡು ಒಳಗೆ ಹೋದರು.

ಮುಂದಿನ ರವಿವಾರ ಎಡೆ ಇಲ್ಲ. ಸೋಮವಾರ ಗುಂಡ ಬೀಳಲಿಲ್ಲ. ಆಮೇಲಿನ ಸೋಮವಾರವೂ ಬೀಳಲಿಲ್ಲ. ಹೆಂಡತಿ ನಕ್ಕದ್ದನ್ನು ಎಷ್ಟೋ ದಿನದ ಮೇಲೆ ನೋಡಿದೆ. ನಾನೇ ಗೆದ್ದೆ ಎಂದುಕೊಂಡೆ. ಎಡೆ ನಿಂತ ಮೂರನೆಯ ರವಿವಾರ ಮಧ್ಯಾಹ್ನ ಹಿತ್ತಲಲ್ಲಿ ಕೊಡ ಬಿದ್ದ ಸದ್ದಾಯಿತು. ಓಡಿ ಹೋಗಿ ನೋಡಿದರೆ ಮಾಲಕರು ಕಲ್ಲಿನ ಪಕ್ಕ ಬಿದ್ದಿದ್ದರು. ಮೈಯೆಲ್ಲ ತಣ್ಣಗಿನ ಬೆವರು. ಗುಂಡ ಅವರ ಮುಖ ನೆಕ್ಕುತ್ತ ಅಳುತ್ತಿತ್ತು. ಅವರ ಹೆಂಡತಿ ಬಾಯಿಗೆ ಸಕ್ಕರೆ ನೀರು ಹಾಕಿದ ಮೇಲೆ ಕಣ್ಣು ಬಿಟ್ಟರು.

ಅವರು ಮಲಗಿದ ಮೇಲೆ ಆಕೆ ನನ್ನ ಹೆಂಡತಿಗೆ ಹೇಳಿದರು: "ಮೂರು ಐತವಾರ ಆತವ್ವಾ, ತುತ್ತು ಬಾಯಿಗಿ ಇಟ್ಟಿಲ್ಲ. ಸಕ್ಕರಿ ಬ್ಯಾನಿ ಗುಳಿಗಿ ಮಾತ್ರ ನುಂಗತಾರ. ಸಣ್ಣಾಂವ ಇದ್ದಾಗ ಭೇದಿ ಹತ್ತಿ ಸಾಯಾಕ ಬಿದ್ದಿದ್ರಂತ. ಇವರವ್ವ ಮೈಲಾರಗ ಬೇಡಿಕೊಂಡ್ಳಂತ, ನನ್ನ ಮಗನ್ನ ಉಳಿಸು, ಅಂವ ಇರೂತನಕ ಐತವಾರ ಮನಿ ನಾಯಿಗಿ ಎಡಿ ಹಿಡದು, ಅದು ಉಂಡ ಮ್ಯಾಲ ಉಣ್ಣತಾನ ಅಂತ. ನಿಮಗ ಹೇಳತೀನಿ ಅಂದ್ರ, ಬ್ಯಾಡ, ಆ ನಾಯಿ ಉಳೀಲಿ ಅಂದ್ರು."

ಅವರ ಲೆಕ್ಕದಲ್ಲಿ ಅವರ ಜೀವ ನಡೆದದ್ದು ಆ ಎಡೆಯ ಮೇಲೆ. ನಮ್ಮ ನಾಯಿಗಾಗಿ ಅದನ್ನೇ ಬಿಟ್ಟುಕೊಟ್ಟಿದ್ದರು, ಅದೂ ಬಾಯಿ ಬಿಡದೆ. ನನಗೆ ನಾಚಿಕೆಯಾಯಿತು. ಅವರ ಬಳಿ ಹೋಗಿ ಕೂತು, ಬೀದಿ ನಾಯಿಗೆ ಹಾಕಬಹುದಿತ್ತಲ್ಲ ಎಂದೆ. ಹೇಳಬೇಕಾದದ್ದನ್ನು ಬಿಟ್ಟು ಅದನ್ನು ಹೇಳಿದೆ.

"ಮನ್ಯಾಗಿನ ನಾಯಿ ಬಿಟ್ಟು ಬೀದಿ ನಾಯಿಗಿ ಎಡಿ ಹಿಡದ್ರ ಅಂವ ಒಪ್ಪತಾನೇನ್ರಿ?" ಎಂದರು.

ಮರುವಾರ ಅವರನ್ನು ಬಸ್ಸಿನಲ್ಲಿ ದೇವರಗುಡ್ಡಕ್ಕೆ ಕರೆದೊಯ್ದೆ. ಅಲ್ಲಿಯ ಒಬ್ಬ ಮುದುಕ ಗೊರವಯ್ಯನ ಮುಂದೆ ಅವರು ಆರೋಪಿಯಂತೆ ನಿಂತು, ನಾಯಿಗೆ ಹಾಲು ದಕ್ಕುವುದಿಲ್ಲ, ಏನು ಮಾಡಲಿ ಎಂದು ಕೇಳಿದರು. ಗೊರವಯ್ಯ ಕಂಬಳಿ ಸರಿಮಾಡಿಕೊಂಡು ನಕ್ಕ. "ನಾಯಿ ಏನು ಉಣ್ಣತೈತಿ, ದೇವರು ಅದನ್ನ ಉಣ್ಣತಾನಪಾ. ಹಾಲ ಬೇಕಂತ ಅಂವ ನಿನ್ನ ಮುಂದ ಹೇಳ್ಯಾನೇನು?"

ಅಲ್ಲಿಂದ ಮುಂದೆ ರವಿವಾರದ ಎಡೆ ಬರೀ ಅನ್ನವಾಯಿತು. ಹೆಚ್ಚು ನೀರಿಟ್ಟು, ಉಪ್ಪಿಲ್ಲದೆ ಮೆತ್ತಗೆ ಬೇಯಿಸುವುದನ್ನು ಅವರು ನನ್ನ ಹೆಂಡತಿಯಿಂದ ಕೇಳಿ ಕಲಿತರು. ಗುಂಡ ಉಂಡ ಮೇಲೆ ಅದೇ ಅನ್ನವನ್ನು ತಾವೂ ಉಣ್ಣುತ್ತಿದ್ದರು. ಆರು ವಾರ ಮುಗಿದ ಮೇಲೆ ಡಾಕ್ಟರ್ ಮೇಡಂ ಹೇಳಿದಂತೆ ಒಂದೊಂದೇ ತಿನಿಸು ಕೊಟ್ಟು ನೋಡಿದೆವು. ಚಪಾತಿ ದಕ್ಕಿತು, ಬಾಳೆಹಣ್ಣು ದಕ್ಕಿತು. ಎರಡು ಚಮಚ ಹಾಲಿಗೆ ಮತ್ತೆ ಹೊಟ್ಟೆ ಗುಡುಗಿತು. ಮರಿಯಿದ್ದಾಗ ಒಗ್ಗಿದ ಹಾಲು ಬೆಳೆದ ಮೇಲೆ ಕೆಲವು ನಾಯಿಗಳಿಗೆ ಒಗ್ಗುವುದಿಲ್ಲವಂತೆ. ಖಾರದ ಸುದ್ದಿ ಕೇಳಿ ಮೇಡಂ ನಕ್ಕುಬಿಟ್ಟರು. ಅದನ್ನು ನಾನು ಮಾಲಕರಿಗೆ ಹೇಳಿದೆ. ಅವರು ಮತ್ತೆ ಗುಂಡನನ್ನು ಸವರತೊಡಗಿದರು, ಬೆರಳ ಬೆನ್ನಿನಿಂದಲೇ. ದೇವರ ಬಗ್ಗೆ ಆಡಿದ ಮಾತಿಗೆ ಮಾತ್ರ ತಪ್ಪಾಯಿತು ಎನ್ನಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಒಂದೂವರೆ ವರ್ಷ ಕಳೆಯಿತು.

ಅಷ್ಟರಲ್ಲಿ ಅವರ ಮೂತ್ರಪಿಂಡಗಳು ಸೋತವು. ಹಾವೇರಿಯ ಆಸ್ಪತ್ರೆಗೆ ಸೇರಿಸಿದೆವು. ಆ ಮೂರು ರವಿವಾರಗಳ ಉಪವಾಸದಿಂದ ಹೀಗಾಯಿತೇ ಎಂದು ಅಲ್ಲಿಯ ಡಾಕ್ಟರನ್ನು ಕೇಳಿದೆ. ಇಲ್ಲ, ಇದು ಹತ್ತಾರು ವರ್ಷದ ಸಕ್ಕರೆ ಕಾಯಿಲೆ ಎಂದರು. ಇನ್ನೊಮ್ಮೆ ಕೇಳಿದೆ. ಅದನ್ನೇ ಹೇಳಿದರು.

ಅವರು ಹೋದದ್ದು ಮಂಗಳವಾರ. ಅದಕ್ಕೆ ಎರಡು ದಿನ ಮೊದಲು, ರವಿವಾರ, ನಾನು ಮುಂಜಾನೆಯ ಬಸ್ಸಿಗೇ ಆಸ್ಪತ್ರೆಗೆ ಹೋಗಿದ್ದೆ. ಅವರ ಹೆಂಡತಿ ಗಂಜಿಯ ಬಟ್ಟಲು ಹಿಡಿದು ಬಾಯಿ ತೆರೆಯಿರಿ ಎಂದು ಬೇಡುತ್ತಿದ್ದರು. ಹಿಂದಿನ ದಿನದಿಂದ ಹೊಟ್ಟೆಗೆ ಏನೂ ಹೋಗಿರಲಿಲ್ಲ. ನನ್ನನ್ನು ಕಂಡು ಮಾಲಕರು ಕೇಳಿದರು: "ಇವತ್ತ ಐತವಾರ. ಗುಂಡ ಉಂಡಾನೇನ್ರಿ ಸಾಹೇಬ್ರ?"

ನನಗೆ ಗೊತ್ತಿರಲಿಲ್ಲ. ಕತ್ತಲಿರುವಾಗಲೇ ಮನೆ ಬಿಟ್ಟಿದ್ದೆ. ಸಾಕ್ಷಿಗಳ ಮಾತು ಅಕ್ಷರ ತಪ್ಪದಂತೆ ಟೈಪ್ ಮಾಡುವ ನಾನು, "ಉಂಡಾನ್ರಿ" ಎಂದೆ.

ಅವರು ನಂಬಿದರು. ಬಾಯಿ ತೆರೆದು ಎರಡು ಚಮಚ ಗಂಜಿ ಕುಡಿದರು. ಆಮೇಲೆ ನನ್ನ ಕೈ ಹಿಡಿದರು. ಮಗುಚಲು ಶಕ್ತಿ ಇರಲಿಲ್ಲವೋ, ಮರೆತರೋ, ಅಂಗೈಯಿಂದಲೇ ಹಿಡಿದರು. ಆ ಅಂಗೈ ಎಷ್ಟು ಮೆತ್ತಗಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ತಪ್ಪಾಯಿತು ಎಂಬ ಮಾತು ಬಾಯಿಗೆ ಬಂತು. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಹೊರಗೆ ಬಂದು ಹೆಂಡತಿಗೆ ಫೋನು ಮಾಡಿ, ಗುಂಡನಿಗೆ ಎಡೆ ಹಾಕಿದೆಯಾ ಎಂದು ಕೇಳಿದೆ. "ಇನ್ನೂ ಇಲ್ಲರಿ. ಮಾಲಕರ ಸುದ್ದಿ ಕೇಳಿ ಹಾಕಿದ್ರಾತಂತ ಕುಂತೇನಿ" ಎಂದಳು. ಲಗೂ ಹಾಕು ಎಂದೆ. ಏಳು ದಶಕ ತಪ್ಪದೆ ನಡೆದು ಬಂದ ಹರಕೆ, ಅವರಿಗೆ ತಿಳಿಯದಂತೆ, ನನ್ನ ಒಂದು ಮಾತಿನಿಂದ ಮುರಿದಿತ್ತು. ಈಗ ರವಿವಾರ ಗುಂಡ ಉಣ್ಣುವವರೆಗೆ ನಾನು ನೀರೂ ಮುಟ್ಟುವುದಿಲ್ಲ. ಅದರಿಂದ ಏನೂ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತು.

ಅವತ್ತು ಫೋನು ಜೇಬಿಗಿಟ್ಟು ಗೋಡೆಗೆ ಒರಗಿ ನಿಂತೆ. ಅವರು ಹಿಡಿದಿದ್ದ ಕೈಯಿಂದಲೇ ಕಣ್ಣು ಒರೆಸಿಕೊಂಡೆ. ಒರೆಸಿಕೊಂಡ ಮೇಲೆ ಖಾರದ ನೆನಪಾಗಿ, ಉರಿಯುತ್ತದೆ ಎಂದು ಕಾದೆ. ಉರಿಯಲಿಲ್ಲ. ಉರಿದಿದ್ದರೆ ಚೆನ್ನಾಗಿತ್ತು.