ಮುಳುಗದೆ ಉಳಿದ ಗಂಡು ಗಾಯಕರು ಬೇಕಾಗಿದ್ದಾರೆ

ನನ್ನ ದನಿಯ ಬಗ್ಗೆ ನನಗೆ ಯಾವತ್ತೂ ಭ್ರಮೆಗಳಿರಲಿಲ್ಲ. ಶಾಲೆಯಲ್ಲಿ ನಾಡಗೀತೆಗೆ ಸಾಲಾಗಿ ನಿಂತಿದ್ದಾಗ ಮಾಸ್ತರರು ನನ್ನ ಪಕ್ಕಕ್ಕೆ ಬಂದು, ಬರೀ ತುಟಿ ಆಡಿಸಿದರೆ ಸಾಕು ಎಂದು ಕಿವಿಯಲ್ಲಿ ಹೇಳಿದ್ದರು. ಆ ಮಾತನ್ನು ಇಪ್ಪತ್ತೈದು ವರ್ಷ ಚಾಚೂ ತಪ್ಪದೆ ಪಾಲಿಸಿದ್ದೇನೆ. ಅಂಥ ನಾನು ಸ್ವೀಡನ್ನಿನಲ್ಲಿ ಒಂದು ಚಳಿಗಾಲದಲ್ಲಿ, ಇಂಗ್ಲೆಂಡ್ ಮತ್ತು ಐರ್ಲೆಂಡಿನ ಜನಪದ ಹಾಡು ಹಾಡುವ ಗಂಡಸರನ್ನು ಹುಡುಕಿಕೊಂಡು ಅಲೆದೆ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಅಪ್ಪನೂ ನಂಬಲಿಲ್ಲ. ಆ ಮಾತು ಆಮೇಲೆ.

ಇದಕ್ಕೆಲ್ಲ ಮೂಲ ನನ್ನ ಹೆಂಡತಿ ವಸುಧಾ. ಅವಳ ಎದುರು ಹಾಗೆ ಹೇಳುವುದಿಲ್ಲ, ನಿಮ್ಮ ಹತ್ತಿರ ಹೇಳುತ್ತೇನೆ. ಸ್ಟಾಕ್‌ಹೋಮಿನ ಪಕ್ಕದ ಸುಂಡ್‌ಬೀಬರ್ಯ್‌ಗೆ ನಾವು ಬಂದಿಳಿದಾಗ ಅವಳಿಗೆ ಐದು ತಿಂಗಳು. ನನಗೆ ಆಫೀಸಿತ್ತು. ಅವಳಿಗಿದ್ದದ್ದು ಒಂದು ಕಿಟಕಿ ಮತ್ತು ಮಧ್ಯಾಹ್ನ ಮೂರಕ್ಕೇ ಅಂಗಡಿ ಮುಚ್ಚುವ ಸೂರ್ಯ. ಇಂಥ ಚಳಿಗಾಲಕ್ಕೆ ಸ್ವೀಡನ್ನಿನ ಜನ ಕಂಡುಕೊಂಡಿರುವ ಮದ್ದು ಸ್ಟಡಿ ಸರ್ಕಲ್. ಹತ್ತು ಜನ ಒಂದು ಕೋಣೆಯಲ್ಲಿ ಕೂತು, ಕಾಫಿ ಕುಡಿಯುತ್ತ, ಏನಾದರೊಂದನ್ನು ಬಹಳ ಗಂಭೀರವಾಗಿ ಕಲಿಯುವುದು. ಆ ವರ್ಷದ ಪಟ್ಟಿಯಲ್ಲಿ ಅಣಬೆ ಗುರುತಿಸುವುದು, ಬುಟ್ಟಿ ಹೆಣೆಯುವುದು, ನಾಯಿಯ ಮನಸ್ಸನ್ನು ಅರಿಯುವುದು ಎಲ್ಲ ಇದ್ದವು, ಎಲ್ಲವೂ ಸ್ವೀಡಿಷ್‌ನಲ್ಲಿ. ಇಂಗ್ಲಿಷಿನಲ್ಲಿ ಇದ್ದದ್ದು ಒಂದೇ ಒಂದು: ಬುಧವಾರ ಸಂಜೆ, ಬ್ರಿಟಿಷ್ ಮತ್ತು ಐರಿಷ್ ಜನಪದ ಹಾಡುಗಳು. ಮಾತು ತಿಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ವಸುಧಾ ಅದಕ್ಕೆ ಸೇರಿದಳು. ಅಣಬೆಯ ಪಾಠ ಇಂಗ್ಲಿಷಿನಲ್ಲಿ ಇದ್ದಿದ್ದರೆ ನನ್ನ ಮಗಳು ಅಣಬೆಗಳ ಹೆಸರು ಕೇಳುತ್ತ ಮಲಗುತ್ತಿದ್ದಳು, ನನ್ನ ಪಾಡಿಗೆ ನಾನಿರುತ್ತಿದ್ದೆ.

ಕಲಿತದ್ದನ್ನು ಅವಳು ಮನೆಯಲ್ಲಿ ಸಾಧನೆ ಮಾಡುತ್ತಿದ್ದಳು. ಮೈಸೂರಿನಲ್ಲಿ ಒಂಬತ್ತು ವರ್ಷ ಕರ್ನಾಟಕ ಸಂಗೀತ ಕಲಿತ ಗಂಟಲು ಅದು. ನೆಟ್ಟಗೆ ನಿಂತ ಸ್ವರ ಕಂಡರೆ ಅಲ್ಲಾಡಿಸದೆ ಬಿಡುವುದಿಲ್ಲ. ಪಾಪ, ಐರ್ಲೆಂಡಿನ ನಾವಿಕನೊಬ್ಬ ನಮ್ಮ ಅಡುಗೆಮನೆಯಲ್ಲಿ ಶುಭಪಂತುವರಾಳಿಯ ಗಮಕಗಳಲ್ಲಿ ಸಿಕ್ಕಿಕೊಂಡು ಮುಳುಗಿ ಸತ್ತ. ನಾನು ಹಾಡಿನ ಹಾಳೆ ತೆಗೆದು ಓದಿ ದಂಗಾದೆ. ಮೊದಲ ನುಡಿಯಲ್ಲಿ ಗಂಡು ಹೆಣ್ಣಿಗೆ ಮಾತು ಕೊಡುತ್ತಾನೆ. ಮೂರನೆಯದರಲ್ಲಿ ಹಡಗು ಹತ್ತುತ್ತಾನೆ. ಐದರಲ್ಲಿ ಮುಳುಗುತ್ತಾನೆ. ಏಳರಲ್ಲಿ ಅವನ ದೆವ್ವ ಬಂದು ಕಿಟಕಿ ಬಡಿಯುತ್ತದೆ. ಉಳಿದ ಹಾಡುಗಳಲ್ಲಿ ಮುಳುಗದವನು ಯುದ್ಧಕ್ಕೆ ಹೋಗುತ್ತಾನೆ, ಯುದ್ಧಕ್ಕೂ ಹೋಗದವನನ್ನು ಗಲ್ಲಿಗೆ ಹಾಕುತ್ತಾರೆ. ಉಳಿದ ಹೆಣ್ಣು ದಡದಲ್ಲಿ ನಿಂತು ಹಾಡುತ್ತಾಳೆ. ಈ ಹಾಡುಗಳನ್ನು ಹಾಡುವವರಲ್ಲಿ ನನ್ನ ಕಣ್ಣಿಗೆ ಹೆಂಗಸರೇ ಬಿದ್ದದ್ದು ಯಾಕೆ ಎನ್ನುವುದಕ್ಕೆ ವಿದ್ವಾಂಸರು ಏನು ಕಾರಣ ಕೊಡುತ್ತಾರೋ ನಾನರಿಯೆ. ಗಂಡಸರು ಬದುಕಿ ಉಳಿದಿದ್ದರೆ ತಾನೆ ಹಾಡುವುದು?

ಮಗಳು ಹುಟ್ಟಿದಳು. ಇಂಚರ ಎಂದು ಹೆಸರಿಟ್ಟೆವು. ಆ ಹೆಸರಿಗೂ ಅವಳ ಅಳುವಿಗೂ ಯಾವ ಸಂಬಂಧವೂ ಇರಲಿಲ್ಲ. ಹೊಟ್ಟೆಯಲ್ಲಿದ್ದಾಗಿನಿಂದ ಹೆಣ ತೇಲುವ ಹಾಡು ಕೇಳಿದ ಮಗು. ಜೋಜೋ ಲಾಲಿ ಎಂದರೆ ಮುಖ ಸಿಂಡರಿಸುತ್ತಿತ್ತು. ನಾವಿಕ ಮುಳುಗಬೇಕು, ಅದೂ ಅಮ್ಮನ ಬಾಯಲ್ಲಿ ಮುಳುಗಬೇಕು, ಆಗಲೇ ನಿದ್ದೆ.

ಇಂಚರಳಿಗೆ ಹದಿನಾಲ್ಕು ತಿಂಗಳಾದಾಗ ವಸುಧಾಗೆ ದೂರದ ಉತ್ತರದ ಉಮೆಯೊದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು. ಅವಳು ಊರಲ್ಲಿದ್ದಾಗಿನಿಂದ ಮೂರು ವರ್ಷ ಕಾದಿದ್ದ ಕೆಲಸ. ಸೋಮವಾರ ಹೋಗಿ ಗುರುವಾರ ರಾತ್ರಿ ಬರುವುದು. ನಾನು ಅಪ್ಪಂದಿರ ರಜೆ ಹಾಕಿ ಮನೆಯಲ್ಲಿ ಕೂತೆ. ಈ ದೇಶದಲ್ಲಿ ಅದು ಗಂಡಸಿನ ಹಕ್ಕು, ಹೆಮ್ಮೆಯಿಂದ ಅನುಭವಿಸಬೇಕಾದದ್ದು. ಉಳಿದ ಅಪ್ಪಂದಿರು ತಳ್ಳುಗಾಡಿಯನ್ನು ಹಿಮದಲ್ಲೇ ಹೊರಗೆ ನಿಲ್ಲಿಸಿ, ಮಗು ಅದರಲ್ಲಿ ನಿದ್ದೆ ಹೊಡೆಯುತ್ತಿದ್ದರೆ ಕೆಫೆಯೊಳಗೆ ದಾಲ್ಚಿನ್ನಿ ಬನ್ನು ತಿನ್ನುತ್ತಿದ್ದರು. ನನ್ನ ಗಾಡಿಯಿಂದ ಮಾತ್ರ ಇಡೀ ಬೀದಿಗೆ ಕೇಳುವ ರೋದನ.

ಮೊದಲು ವಸುಧಾಳ ಹಾಡನ್ನು ಟೇಪು ಮಾಡಿ ಹಾಕಿದೆ. ಟೇಪಿನ ಅಮ್ಮ ತಾನು ಕರೆದರೆ ‘ಹ್ಞಾಂ’ ಅನ್ನುವುದಿಲ್ಲ ಎಂದು ಇಂಚರ ಎರಡೇ ದಿನದಲ್ಲಿ ಪತ್ತೆ ಮಾಡಿದಳು. ಆಮೇಲೆ ಫೋನು. ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ವಸುಧಾ ಲ್ಯಾಬಿನಿಂದ ಕಾರಿಡಾರಿಗೆ ಬಂದು, ಗೋಡೆಗೆ ಮುಖ ಮಾಡಿ, ನಾವಿಕನನ್ನು ಮುಳುಗಿಸುವುದು. ಎರಡನೆಯ ವಾರ ಅವಳ ಪ್ರೊಫೆಸರ್ ಬಹಳ ಮೆಲ್ಲಗೆ, ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದನಂತೆ.

“ನೋಡು, ಒಂದು ತಿಂಗಳು ಟ್ರೈ ಮಾಡೋಣ,” ಅಂದಳು ವಸುಧಾ. “ಆಗ್ಲಿಲ್ಲ ಅಂದ್ರೆ ನಾನ್ ವಾಪಸ್ ಬಂದ್ಬಿಡ್ತೀನಿ. ಇಟ್ಸ್ ಓಕೆ. ಕೆಲಸ ಇನ್ನೊಂದು ಸಿಗತ್ತೆ.”

ಅವಳು ಹೆದರಿಸಲು ಹೇಳಿದ್ದರೆ ನಾನೂ ಎರಡು ಮಾತು ಆಡಿ ಸುಮ್ಮನಾಗುತ್ತಿದ್ದೆ. ಅವಳು ನಿಜವಾಗಿಯೂ ಹೇಳಿದಳು. ಇನ್ನೊಂದು ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನನ್ನ ಗಂಟಲು ಸರಿಯಿಲ್ಲದ್ದಕ್ಕೆ ಅವಳು ಕೆಲಸ ಬಿಡುವುದೆಂದರೆ ನಾನು ಜನ್ಮದಲ್ಲಿ ತಲೆ ಎತ್ತುವಂತಿರಲಿಲ್ಲ.

ಸರಿ, ಇಪ್ಪತ್ತೈದು ವರ್ಷದ ವ್ರತ ಮುರಿದು ಬಾಯಿ ಬಿಟ್ಟೆ. ವಸುಧಾಳ ಶ್ರುತಿ ಐದೂವರೆ ಮನೆ. ಆ ಎತ್ತರಕ್ಕೆ ನಾನು ಏಣಿ ಹಾಕಿದರೂ ಮುಟ್ಟಲಾರೆ. ನಾವಿಕ ಹಡಗು ಹತ್ತುವಷ್ಟರಲ್ಲೇ ನನ್ನ ದನಿ ಒಡೆದು ಎರಡು ಹೋಳಾಯಿತು. ಮೇಲಿನ ಮನೆಯ ನಾಯಿ ಉತ್ತರ ಕೊಟ್ಟಿತು. ಕೆಳಗಿಳಿಸಿ ಹಾಡಿದರೆ ರಾಗವೇ ಸಿಗಲಿಲ್ಲ. ಆಗ ಹೊಳೆದದ್ದು: ಇದೇ ಹಾಡನ್ನು ಗಂಡುದನಿಯಲ್ಲಿ ಹಾಡುವವನೊಬ್ಬ ಲೋಕದಲ್ಲಿ ಇದ್ದೇ ಇರಬೇಕು. ಅವನನ್ನು ಹಿಡಿದು ಕಲಿತುಬಿಟ್ಟರಾಯಿತು.

ಮೊದಲು ಊರಿನ ಲೈಬ್ರರಿ. ಅಲ್ಲಿನ ಹೆಂಗಸು ನನ್ನ ಕಷ್ಟವನ್ನು ಕೋರ್ಟಿನಲ್ಲಿ ಸಾಕ್ಷಿ ಕೇಳುವಷ್ಟು ಶ್ರದ್ಧೆಯಿಂದ ಕೇಳಿ, ಅರ್ಧ ಕಪಾಟು ಸಿ.ಡಿ.ಗಳನ್ನು ತೋರಿಸಿದಳು. ಒಂದೊಂದರ ಮೇಲೂ ಒಬ್ಬೊಬ್ಬ ಉದ್ದ ಕೂದಲಿನ ಹೆಂಗಸು ಬಂಡೆಯ ಮೇಲೆ ನಿಂತು ಸಮುದ್ರ ನೋಡುತ್ತಿದ್ದಳು. ಯಾರಿಗಾಗಿ ಎಂದು ನಾನು ಕೇಳಬೇಕಿರಲಿಲ್ಲ. ಕೊನೆಗೆ ಗಂಡಸರದು ಎರಡು ಸಿಕ್ಕವು. ಒಂದರಲ್ಲಿ ಹನ್ನೆರಡು ಜನ ಮೇಜು ಗುದ್ದಿಕೊಂಡು ಹೆಂಡದ ಗುಣಗಾನ ಮಾಡುತ್ತಿದ್ದರು. ಇಂಚರ ಎದ್ದು ಕುಣಿದಳು. ಇನ್ನೊಂದರಲ್ಲಿ ಒಬ್ಬನೇ, ಆದರೆ ಅವನ ಹಿಂದೆ ಎಷ್ಟು ವಾದ್ಯಗಳೆಂದರೆ ಅವನೂ ಮುಳುಗಿದ್ದ.

ಒಂದು ಶನಿವಾರ ಮಧ್ಯಾಹ್ನ, ವಸುಧಾ ಮನೆಯಲ್ಲಿದ್ದಾಗ, ಸ್ಟಾಕ್‌ಹೋಮಿನ ಐರಿಷ್ ಪಬ್ಬೊಂದಕ್ಕೆ ಹೋದೆ. ಗಡ್ಡ ಬಿಟ್ಟವನೊಬ್ಬ ಕಣ್ಣು ಮುಚ್ಚಿ ಐರ್ಲೆಂಡಿನ ಹಸಿರು ಬೆಟ್ಟಗಳನ್ನು ನೆನೆದು ಬಿಕ್ಕುತ್ತ ಹಾಡುತ್ತಿದ್ದ. ಬಿಡುವಿನಲ್ಲಿ ಮಾತಾಡಿಸಿದರೆ ಅವನು ಸ್ವೀಡನ್ನಿನವನೇ, ಪಕ್ಕದ ಊರಿನ ಕೊಮ್ಮೂನ್, ಅಂದರೆ ನಗರಸಭೆಯ ಕಚೇರಿಯಲ್ಲಿ ಚರಂಡಿ ವಿಭಾಗ ನೋಡಿಕೊಳ್ಳುವವನು, ಐರ್ಲೆಂಡನ್ನು ಇನ್ನೂ ಕಂಡಿಲ್ಲ. ಬೆಟ್ಟ ಕಾಣದೆ ಬಿಕ್ಕುವುದು ತಪ್ಪೇನಲ್ಲ. ನಮ್ಮ ದೇವರನಾಮಗಳನ್ನು ಹಾಡುವವರೆಲ್ಲ ವೈಕುಂಠ ನೋಡಿಕೊಂಡು ಬಂದವರೇ? ಆದರೆ ಮಗು ಮಲಗಿಸುವ ಹಾಡು ಕೇಳಿದಾಗ ಅವನು ನಕ್ಕ. ತಾನು ಜನರನ್ನು ಎಚ್ಚರವಾಗಿಟ್ಟು ಕುಡಿಸಬೇಕಾದವನು, ಮಲಗಿಸಿದರೆ ಮಾಲೀಕ ಕರೆಯುವುದಿಲ್ಲ ಎಂದ.

ತಿಂಗಳು ಮುಗಿಯಲು ಐದು ದಿನ ಉಳಿದಿತ್ತು. ವಸುಧಾಳ ಸರ್ಕಲ್ಲಿನ ಗುರು ಮಾರ್ಗರೆತಾ ಎಂಬ ನಿವೃತ್ತ ನರ್ಸ್‌ಗೆ ಫೋನು ಮಾಡಿದೆ. ಆಕೆ ಬಹಳ ಹೊತ್ತು ಯೋಚಿಸಿದಳು. “ಗಂಡಸು... ಗಂಡಸು... ಸ್ಯಾಂಡ್‌ವಿಕೆನ್‌ನಲ್ಲಿ ಒಬ್ಬನಿದ್ದ. ಈಗಲೂ ಇರಬಹುದು.” ಹೆಸರು ಆರ್ಥರ್. ಇಂಗ್ಲೆಂಡಿನ ಉತ್ತರದವನು, ಉಕ್ಕಿನ ಕೆಲಸಕ್ಕೆಂದು ಬಂದು, ಇಲ್ಲಿನವಳನ್ನು ಮದುವೆಯಾಗಿ, ನಿವೃತ್ತನಾಗಿ ಅಲ್ಲೇ ಉಳಿದವನು.

ಬುಧವಾರ ಬೆಳಿಗ್ಗೆ ಇಂಚರಳನ್ನು ಕಟ್ಟಿಕೊಂಡು ರೈಲು ಹತ್ತಿದೆ. ಅವತ್ತು ಮಧ್ಯಾಹ್ನ ವಸುಧಾ ತನ್ನ ಗುಂಪಿನ ಮುಂದೆ ಕೆಲಸವನ್ನು ಮಂಡಿಸಬೇಕಿತ್ತು. ಇವತ್ತು ಹಾಡಬೇಡ, ಗುರು ಸಿಕ್ಕಿದ್ದಾನೆ ಎಂದು ಧೈರ್ಯ ಹೇಳಿದ್ದೆ.

ಆರ್ಥರ್ ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟ. ಇಸ್ತ್ರಿ ಹಾಕಿದ ಇಂಗ್ಲಿಷಿನಲ್ಲಿ ಹವೆಯ ಬಗ್ಗೆ ಮಾತಾಡಿದ. ಆಮೇಲೆ ಒಂದು ಕೈಯನ್ನು ಕಿವಿಗೆ ಹಿಡಿದು ಶುರು ಮಾಡಿದ. ನಮ್ಮ ಕಡೆಯ ಹಿಂದೂಸ್ತಾನಿ ಗವಾಯಿಗಳು ಹಿಡಿಯುವ ಹಾಗೆಯೇ! ಅದೇ ಮುಳುಗುವ ನಾವಿಕ, ಆದರೆ ಬಿಕ್ಕಿಲ್ಲ, ಗಮಕವಿಲ್ಲ. ಭಾರವಾದ ಬೆಂಚನ್ನು ನೆಲದ ಮೇಲೆ ಎಳೆದಂಥ ದನಿ. ಯಾರೋ ಸತ್ತ ಸುದ್ದಿಯನ್ನು ಬೇಲಿಯಾಚೆ ನಿಂತವನಿಗೆ ಮುಟ್ಟಿಸುವ ಹಾಗೆ ಹಾಡಿದ. ಇಸ್ತ್ರಿಯೆಲ್ಲ ಹೋಗಿ, ಅವನ ಊರಿನ ಒರಟು ಮಾತು ಹೊರಗೆ ಬಂತು. ನನಗೆ ಅರ್ಧ ಅರ್ಥವಾಗಲಿಲ್ಲ, ಮೈ ಜುಂ ಎಂದಿತು. ಇಂಚರ ಮಲಗಲಿಲ್ಲ. ಕಣ್ಣು ಅರಳಿಸಿ ನೋಡಿ, ತಾನೂ ಒಂದು ಕೈಯನ್ನು ಕಿವಿಗೆ ಹಿಡಿದಳು.

ಮುಗಿದ ಮೇಲೆ ನಾನು ಅವನ ಹಾಗೇ ಹಾಡಲು ನೋಡಿದೆ. ಅವನು ಎರಡು ಸಾಲಿಗೇ ಕೈ ಎತ್ತಿದ.

“ನೀನು ನನ್ನ ಬಾಯಲ್ಲಿ ಹಾಡುತ್ತಿದ್ದೀಯ. ಬೇಡ. ನಿನ್ನಪ್ಪ ಏನು ಹಾಡುತ್ತಿದ್ದ?”

“ಅಪ್ಪ ಹಾಡುತ್ತಿರಲಿಲ್ಲ. ಬಸ್ ಕಂಡಕ್ಟರ್.”

“ಕಂಡಕ್ಟರಾಗಿದ್ದು ಬಾಯಿ ಮುಚ್ಚಿಕೊಂಡಿದ್ದನೇ?” ಎಂದು ಕೇಳಿ ಆರ್ಥರ್ ಇನ್ನೊಂದು ಲೋಟ ಚಹಾ ಸುರಿದ.

ಇದಕ್ಕಾಗಿ ಇಷ್ಟು ದೂರ ಬಂದೆನೇ ಎಂದು ಸಿಟ್ಟು ಬಂತು. ವಾಪಸ್ ರೈಲಿನಲ್ಲಿ ಸಿಕ್ಕ ಸೀಟಿನಲ್ಲಿ ಕೂತೆ. ಅದು ಯಾರೂ ಸದ್ದು ಮಾಡಬಾರದ ಮೌನದ ಬೋಗಿ ಎಂದು ಗೊತ್ತಾದದ್ದು ರೈಲು ಹೊರಟ ಮೇಲೆ. ಹನ್ನೆರಡೂವರೆ ಆಯಿತು. ಇಂಚರ ಗಡಿಯಾರ ನೋಡಿದವಳ ಹಾಗೆ ಶುರು ಮಾಡಿದಳು. ಸ್ವೀಡನ್ನಿನ ಜನ ಬೈಯುವುದಿಲ್ಲ. ಪೇಪರಿನ ಪುಟವನ್ನು ಸ್ವಲ್ಪ ಜೋರಾಗಿ ಮಗುಚುತ್ತಾರೆ. ಬೋಗಿಯ ತುಂಬ ಪುಟಗಳು ಮಗುಚಿದವು. ಫೋನು ಕೈಗೆತ್ತಿಕೊಂಡೆ. ಅಲ್ಲಿ ವಸುಧಾ ಈಗ ಎದ್ದು ನಿಂತು ಮಾತಾಡುತ್ತಿರುತ್ತಾಳೆ. ಮತ್ತೆ ಜೇಬಿಗೆ ಹಾಕಿದೆ.

ಒಂದು ಕೈ ಕಿವಿಗೆ ಹೋಯಿತು. ಬಾಯಿಂದ ಆರ್ಥರನ ಧಾಟಿ ಬಂತು. ಮಾತು ಮಾತ್ರ ಬರಲಿಲ್ಲ. ನಾವಿಕ, ಹಡಗು, ಕಿಟಕಿ ಎಲ್ಲ ಮರೆತುಹೋಗಿ, ಆ ಖಾಲಿ ಜಾಗಕ್ಕೆ ಎಲ್ಲಿಂದಲೋ ಅಪ್ಪ ಹತ್ತಿಕೊಂಡ. “ನವಲೂರಾ... ರಾಯಾಪುರಾ... ನವನಗರಾ... ಮುಂದಕ್ಕ ಸರೀರಿ, ಸ್ವಲ್ಪ ಮುಂದಕ್ಕ ಸರೀರಿ...” ಧಾರವಾಡದಿಂದ ಹುಬ್ಬಳ್ಳಿಗೆ ಬರುವ ಬಸ್ಸಿನ ಸ್ಟಾಪುಗಳು. ಸುಂಡ್‌ಬೀಬರ್ಯ್‌ನ ಕನ್ನಡಿಗರ ಊಟದ ಕೂಟಗಳಲ್ಲಿ ಬೆಂಗಳೂರಿನವರ ನಡುವೆ ‘ಬರ್ತೀನಿ, ಹೋಗ್ತೀನಿ’ ಎಂದು ಹಲ್ಲು ಕಚ್ಚಿ ಮಾತಾಡುತ್ತಿದ್ದ ನನ್ನ ನಾಲಿಗೆ, ಮೌನದ ಬೋಗಿಯಲ್ಲಿ ಎಲ್ಲ ಬಿಟ್ಟು ಹುಬ್ಬಳ್ಳಿಯದಾಯಿತು. “ಭೈರಿದೇವರಕೊಪ್ಪಾ... ಇಳಿಯೋರು ಬಾಗಲಕ್ಕ ಬರ್ರಿ...” ಇಂಚರ ಅಳು ನಿಲ್ಲಿಸಿದಳು. “ಉಣಕಲ್ಲಾ...” ಅವಳ ತಲೆ ನನ್ನ ಎದೆಗೆ ಬಿತ್ತು. ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಎದುರಿನ ಮುದುಕ ಪೇಪರು ಮಡಿಸಿಟ್ಟು ಕಿಟಕಿಯ ಪರದೆ ಎಳೆದುಕೊಟ್ಟ.

ಸಂಜೆ ಅಪ್ಪನಿಗೆ ಫೋನು ಮಾಡಿ ನನ್ನ ಅಲೆದಾಟ ಹೇಳಿದೆ, ಅಪ್ಪ ನಂಬಲಿಲ್ಲ. ಸ್ಟಾಪುಗಳನ್ನೆಲ್ಲ ಒಪ್ಪಿಸಿ, ನಿನ್ನ ಹಾಡಿನಿಂದ ಮೊಮ್ಮಗಳು ಮಲಗಿದಳು ಎಂದೆ.

“ನಾ ಎಲ್ಲಿ ಹಾಡ್ತಿದ್ನಲೇ? ಒದರ್ತಿದ್ದೆ,” ಅಂದ ಅಪ್ಪ. ಆಮೇಲೆ, “ಅಲ್ಲ, ಧಾರವಾಡ ದಾಟಿದಮ್ಯಾಲೆ ಸತ್ತೂರ ಬಿಟ್ಟೀ ನೋಡು. ಸತ್ತೂರಿನ ಮಂದಿ ಎಲ್ಲಿ ಇಳೀಬೇಕು?” ಎಂದು, ಮೂವತ್ತು ವರ್ಷ ಮನೆಯಲ್ಲಿ ಒಮ್ಮೆಯೂ ಹಾಡದವನು, ಧಾರವಾಡದಿಂದ ಶುರು ಮಾಡಿ ಫೋನಿನಲ್ಲೇ ಪೂರ್ತಿ ರೂಟು ಹಾಡಿಬಿಟ್ಟ.

ವಸುಧಾಗೆ ಹೇಳಿದಾಗ ಅವಳು ಮೊದಲು ನಕ್ಕಳು, ಆಮೇಲೆ ದನಿ ಸಣ್ಣಗಾಯಿತು. “ಹಾಗಾದ್ರೆ ನನ್ನ ಹಾಡು ಬೇಡ್ವಾ ಅವಳಿಗೆ?” ಶುಕ್ರವಾರದಿಂದ ಭಾನುವಾರ ಮುಳುಗಿಸುವ ಖಾತೆ ನಿನ್ನದೇ ಎಂದು ಒಪ್ಪಂದವಾಯಿತು. ಅವಳು ಉಮೆಯೊದ ಕೆಲಸ ಬಿಡಲಿಲ್ಲ.

ಈಗ ಇಂಚರಳಿಗೆ ನಾಲ್ಕು ವರ್ಷ, ದಾಗಿಸ್ ಎಂಬ ಇಲ್ಲಿನ ಶಿಶುವಿಹಾರಕ್ಕೆ ಹೋಗುತ್ತಾಳೆ. ಮೊನ್ನೆ ಕರೆದುಕೊಂಡು ಬರಲು ಹೋದಾಗ ಅಲ್ಲಿನ ಟೀಚರ್ ನನ್ನನ್ನು ನಿಲ್ಲಿಸಿದಳು. ಇಂಚರ ಮಧ್ಯಾಹ್ನ ಕಿವಿಗೆ ಕೈ ಹಿಡಿದು ಏನೋ ಹಾಡಿದರೆ ಉಳಿದ ಮಕ್ಕಳೆಲ್ಲ ಮಲಗಿಬಿಡುತ್ತಾರಂತೆ. ಯಾವ ಹಾಡು ಎಂದು ಕೇಳಿದರೆ ‘ಪಪ್ಪನ ಇಂಗ್ಲಿಷ್ ಹಾಡು’ ಅಂದಳಂತೆ. “ಲೈಬ್ರರಿಯಲ್ಲೆಲ್ಲ ಹುಡುಕಿದೆ, ಬರೀ ಹೆಂಗಸರೇ ಸಿಗುತ್ತಾರೆ. ಇದನ್ನು ಹಾಡುವ ಗಂಡಸು ಯಾರು?” ಎಂದು ಪೆನ್ನು ಹಿಡಿದು ನಿಂತಳು.

ಹುಬ್ಬಳ್ಳಿ-ಧಾರವಾಡ ರೂಟಿನಲ್ಲಿ ಒಬ್ಬರಿದ್ದರು, ಈಗ ನಿವೃತ್ತರು ಎಂದೆ. ಆಕೆ ಬರೆದುಕೊಂಡಳು. ಆಕೆಗೆ ಹೇಳದೆ ಉಳಿದದ್ದು ಒಂದೇ. ಈಗ ಸತ್ತೂರವನ್ನೂ ಸೇರಿಸಿ ಹಾಡುತ್ತೇನೆ, ಆದರೂ ಇಷ್ಟು ವರ್ಷದಲ್ಲಿ ಮಗಳನ್ನು ಒಂದು ದಿನವೂ ಹುಬ್ಬಳ್ಳಿಗೆ ಮುಟ್ಟಿಸಲು ನನ್ನಿಂದಾಗಿಲ್ಲ, ಉಣಕಲ್ಲಿನಲ್ಲೇ ಇಳಿದುಬಿಡುತ್ತಾಳೆ.